ಹೊಸ ಕ್ಯಾಪ್ ಪಕ್ಕದ ಹಲ್ಲಿಗೆ ಹೊಂದಬೇಕು, ಬಹುಕಾಲ ಬಾಳಬೇಕು: ಶೇಡ್ ಆಯ್ಕೆಯಿಂದ ದಿನನಿತ್ಯದ ಆರೈಕೆಯವರೆಗೆ

ಬೆಂಗಳೂರಿನಲ್ಲಿ ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳುವ ಹೆಚ್ಚಿನವರು ಅದನ್ನು ಮಾಡಿದವರ ಮುಖ ನೋಡಿರುವುದಿಲ್ಲ. ಮಾಡಿದವರೂ ಅವರ ಹಲ್ಲು ನೋಡಿರುವುದಿಲ್ಲ. ಜಯನಗರದಲ್ಲೋ ರಾಜಾಜಿನಗರದಲ್ಲೋ ಡಾಕ್ಟರು ಹಲ್ಲು ಕೊರೆದು, ಅಳತೆ ತೆಗೆದು, ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಬೈಕಿನ ಹುಡುಗ ಅದನ್ನು ಲ್ಯಾಬ್‌ಗೆ ತಂದುಕೊಡುತ್ತಾನೆ. ಜೊತೆಗೊಂದು ಚೀಟಿ: ‘21, ಜಿರ್ಕೋನಿಯಾ, ಎ2’. 21 ಅಂದರೆ ನಿಮ್ಮ ಮೇಲಿನ ಸಾಲಿನಲ್ಲಿ ಎಡಗಡೆಯ ಮೊದಲನೇ ಹಲ್ಲು, ನಕ್ಕರೆ ಎಲ್ಲಕ್ಕಿಂತ ಮುಂಚೆ ಕಾಣುವಂಥದ್ದು. ಜಿರ್ಕೋನಿಯಾ ಕ್ಯಾಪ್ ಮಾಡುವ ವಸ್ತು, ಎ2 ಅದರ ಶೇಡ್, ಅಂದರೆ ಬಣ್ಣದ ಗುರುತು. ಆ ಹಲ್ಲಿನ ಬಗ್ಗೆ ನಮಗೆ ಸಿಗುವ ಮಾಹಿತಿ ಎಷ್ಟೋ ಸಲ ಅಷ್ಟೇ.

ನಾನು ಇಂಥ ಒಂದು ಲ್ಯಾಬ್‌ನಲ್ಲಿ ಸೆರಾಮಿಕ್ ಕೆಲಸ ಮಾಡುವವಳು. ಕ್ಯಾಪ್ ವಾಪಸ್ ಬರುವ ಕಾರಣಗಳನ್ನು ನೋಡುತ್ತಾ ಬಂದಿದ್ದೇನೆ. ‘ಬಣ್ಣ ಹೊಂದಲಿಲ್ಲ’ ಎಂದು ಬಂದವುಗಳಲ್ಲಿ ಬಹಳಷ್ಟು, ಚೀಟಿಯಲ್ಲಿ ಇನ್ನೆರಡು ಸಾಲು, ಫೋನಿನಲ್ಲಿ ಇನ್ನೆರಡು ಫೋಟೊ ಇದ್ದಿದ್ದರೆ ಬರುತ್ತಲೇ ಇರಲಿಲ್ಲ. ವರ್ಷಗಳ ನಂತರ ಕ್ಯಾಪ್ ಕಳಚಿ ಬಂದರೆ ಕ್ಯಾಪ್ ಗಟ್ಟಿಯಾಗಿಯೇ ಇರುತ್ತದೆ. ಒಳಗಿನ ಹಲ್ಲು ಅಂಚಿನಿಂದ ಹುಳುಕಾಗಿ ಕರಗಿರುತ್ತದೆ. ಈ ಎರಡನ್ನೂ ತಡೆಯುವುದರಲ್ಲಿ ನಿಮ್ಮ ಪಾಲು ದೊಡ್ಡದು. ಅದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಹಂತ 1: ಯಾವ ಹಲ್ಲಿಗೆ ಯಾವ ಕ್ಯಾಪ್

ನಮ್ಮಲ್ಲಿ ಈಗ ಮುಖ್ಯವಾಗಿ ನಾಲ್ಕು ಬಗೆ ನಡೆಯುತ್ತವೆ. ಪೂರ್ತಿ ಲೋಹದ್ದು ಗಟ್ಟಿ, ಅಗ್ಗ, ಹಲ್ಲನ್ನು ಹೆಚ್ಚು ಕೊರೆಯಬೇಕಿಲ್ಲ. ಆದರೆ ಬೆಳ್ಳಿಯಂತೆ ಹೊಳೆಯುವುದರಿಂದ ಹಿಂದಿನ ದವಡೆ ಹಲ್ಲಿಗೆ ಮಾತ್ರ. ಒಳಗೆ ಲೋಹ, ಮೇಲೆ ಸೆರಾಮಿಕ್ ಇರುವುದು ಹಳೆಯ, ನಂಬಿಕೆಯ ಬಗೆ. ಅದರ ತೊಂದರೆ ಏನೆಂದರೆ ವಯಸ್ಸಾಗಿ ವಸಡು ಹಿಂದೆ ಸರಿದಾಗ ಅಂಚಿನಲ್ಲಿ ಕಪ್ಪು ಗೆರೆ ಕಾಣತೊಡಗುತ್ತದೆ. ಜೊತೆಗೆ, ಲೋಹದ ಬಣ್ಣ ಮುಚ್ಚಲು ಅಪಾರದರ್ಶಕ ಪದರ ಹಚ್ಚಲೇಬೇಕಾದ್ದರಿಂದ ಬೆಳಕು ಹಲ್ಲಿನೊಳಗೆ ಇಳಿಯುವುದಿಲ್ಲ. ಮೂರನೆಯದು ಜಿರ್ಕೋನಿಯಾ, ಲೋಹವಿಲ್ಲದ ಬಿಳಿ, ಗಟ್ಟಿ ಸೆರಾಮಿಕ್. ನಾಲ್ಕನೆಯದು ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನಂಥ ಸೆರಾಮಿಕ್, ಕ್ಲಿನಿಕ್‌ನಲ್ಲಿ ‘ಇ-ಮ್ಯಾಕ್ಸ್’ ಎಂಬ ಬ್ರ್ಯಾಂಡ್ ಹೆಸರಿನಿಂದಲೇ ಕರೆಯುತ್ತಾರೆ. ಮುಂದಿನ ಹಲ್ಲಿಗೆ ಇದರಷ್ಟು ಸಹಜ ಹೊಳಪು ಕೊಡುವುದು ಕಡಿಮೆ.

‘ಜಿರ್ಕೋನಿಯಾ ಹಾಕಿಸಿ’ ಎಂದಷ್ಟೇ ಹೇಳಿದರೆ ಸಾಲದು, ಅದರಲ್ಲೂ ಬಗೆಗಳಿವೆ. ಹೆಚ್ಚು ಗಟ್ಟಿಯಾದದ್ದು ಸ್ವಲ್ಪ ಸುಣ್ಣದಂತೆ ಮಂಕಾಗಿ ಕಾಣುತ್ತದೆ. ಹೆಚ್ಚು ಪಾರದರ್ಶಕವಾದದ್ದರ ಬಲ ಅದಕ್ಕಿಂತ ಕಡಿಮೆ. ದವಡೆಗೆ ಮೊದಲನೆಯದು, ಮುಂದಕ್ಕೆ ಎರಡನೆಯದು, ಅಥವಾ ಮೇಲೆ ಸೆರಾಮಿಕ್ ಪದರ ಕೊಟ್ಟದ್ದು. ಯಾವುದನ್ನು ಬರೆಯುತ್ತಿದ್ದೀರಿ ಎಂದು ಡಾಕ್ಟರನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಆರ್ಟಿಫಿಷಿಯಲ್ ಓಲೆ ಹಾಕಿದರೆ ಕಿವಿ ತುರಿಸುವವರು ಅದನ್ನು ಮೊದಲೇ ಹೇಳಬೇಕು. ಅದು ನಿಕ್ಕಲ್ ಅಲರ್ಜಿ ಇರಬಹುದು, ಲೋಹದ ಕ್ಯಾಪ್‌ಗಳಲ್ಲಿ ನಿಕ್ಕಲ್ ಬಳಕೆ ಸಾಮಾನ್ಯ.

ಖರ್ಚು ಭಾರವೆನಿಸಿದರೆ ದಂತ ವೈದ್ಯಕೀಯ ಕಾಲೇಜುಗಳಿವೆ. ವಿಕ್ಟೋರಿಯಾ ಆಸ್ಪತ್ರೆ ಪಕ್ಕದ ಸರ್ಕಾರಿ ದಂತ ಕಾಲೇಜಿನ ಪ್ರಾಸ್ಥೊಡಾಂಟಿಕ್ಸ್ (ಕ್ಯಾಪ್, ಕೃತಕ ಹಲ್ಲು ಕೂರಿಸುವ) ವಿಭಾಗದಲ್ಲಿ ಕಡಿಮೆ ಹಣದಲ್ಲಿ ಕೆಲಸವಾಗುತ್ತದೆ. ಓಡಾಟ ಹೆಚ್ಚು, ಆದರೆ ಕಲಿಯುವವರ ಹಿಂದೆ ಅನುಭವಿ ಪ್ರಾಧ್ಯಾಪಕರು ನಿಂತು ನೋಡುತ್ತಾರೆ.

ಹಂತ 2: ಹಲ್ಲು ಬಿಳುಪು ಮಾಡಿಸುವ ಆಸೆಯಿದ್ದರೆ ಅದು ಮೊದಲು

ಬ್ಲೀಚಿಂಗ್‌ನಿಂದ ಹಲ್ಲು ಬೆಳ್ಳಗಾಗುತ್ತದೆ, ಕ್ಯಾಪ್ ಆಗುವುದಿಲ್ಲ. ಸೆರಾಮಿಕ್‌ನ ಬಣ್ಣ ಒಲೆಯಲ್ಲಿ ಸುಟ್ಟು ಕೂತ ಬಣ್ಣ. ಯಾವ ಪೇಸ್ಟ್‌ಗೂ ಜೆಲ್‌ಗೂ ಅದು ಬದಲಾಗುವುದಿಲ್ಲ. ಮದುವೆಗೆ ಮೂರು ತಿಂಗಳಿರುವಾಗ ಕ್ಯಾಪ್ ಹಾಕಿಸಿ, ಮದುವೆಯ ವಾರ ಬ್ಲೀಚ್ ಮಾಡಿಸಿದರೆ ಉಳಿದ ಹಲ್ಲೆಲ್ಲ ಬೆಳ್ಳಗಾಗಿ ಕ್ಯಾಪ್ ಒಂದೇ ಹಳದಿಯಾಗಿ ಉಳಿಯುತ್ತದೆ. ಆದ್ದರಿಂದ ಮೊದಲು ಬ್ಲೀಚ್, ಆಮೇಲೆ ಕನಿಷ್ಠ ಎರಡು ವಾರ ಬಿಡುವು, ನಂತರ ಶೇಡ್. ಬ್ಲೀಚ್ ಆದ ಕೂಡಲೇ ಹಲ್ಲು ಅತಿ ಬೆಳ್ಳಗಿದ್ದು ಆಮೇಲೆ ಒಂದು ಹಂತಕ್ಕೆ ಇಳಿದು ನಿಲ್ಲುತ್ತದೆ. ನಿಂತ ಬಣ್ಣಕ್ಕೆ ಹೊಂದಿಸಬೇಕು. ಇನ್ನೊಂದು ಕಾರಣ, ಬ್ಲೀಚ್‌ನಿಂದ ಹಲ್ಲಿನೊಳಗೆ ಉಳಿದ ಆಮ್ಲಜನಕ, ಕ್ಯಾಪ್ ಅಂಟಿಸುವ ರೆಸಿನ್ ಸಿಮೆಂಟ್‌ನ ಹಿಡಿತವನ್ನು ಸಡಿಲ ಮಾಡುತ್ತದೆ.

ಬ್ಲೀಚ್ ಬೇಡದಿದ್ದರೂ ಶೇಡ್ ನೋಡುವ ಮೊದಲು ಒಮ್ಮೆ ಹಲ್ಲು ಕ್ಲೀನ್ ಮಾಡಿಸಿ. ಕಾಫಿ, ಎಲೆ-ಅಡಿಕೆ, ಸಿಗರೇಟಿನ ಕಲೆ ಕೂತ ಹಲ್ಲಿಗೆ ಶೇಡ್ ಹೊಂದಿಸಿದರೆ, ಆರು ತಿಂಗಳ ನಂತರ ಕ್ಲೀನ್ ಮಾಡಿಸಿದ ದಿನವೇ ವ್ಯತ್ಯಾಸ ಎದ್ದು ಕಾಣುತ್ತದೆ.

ಹಂತ 3: ಶೇಡ್ ನೋಡುವ ದಿನ

ಡಾಕ್ಟರ ಬಳಿ ಪಟ್ಟಿಯಲ್ಲಿ ಸಾಲಾಗಿ ಚುಚ್ಚಿದ ಪುಟ್ಟ ಹಲ್ಲುಗಳಿರುತ್ತವೆ, ಅದೇ ಶೇಡ್ ಗೈಡ್. ಹೆಚ್ಚು ಬಳಕೆಯಲ್ಲಿರುವುದು ವೀಟಾ ಕಂಪನಿಯ ಕ್ಲಾಸಿಕಲ್, ಅದರಲ್ಲಿ 16 ಶೇಡ್. ಎ ಗುಂಪು ಕೆಂಪು ಮಿಶ್ರಿತ ಕಂದು, ಬಿ ಕೆಂಪು ಮಿಶ್ರಿತ ಹಳದಿ, ಸಿ ಬೂದು, ಡಿ ಕೆಂಪು ಮಿಶ್ರಿತ ಬೂದು. ಅಂಕಿ ಹೆಚ್ಚಿದಂತೆ ಬಣ್ಣ ಗಾಢ. ನಮ್ಮ ಲ್ಯಾಬ್‌ಗೆ ಬರುವ ಚೀಟಿಗಳಲ್ಲಿ ಎ2, ಎ3 ಹೆಚ್ಚು. ಇದೇ ಕಂಪನಿಯ 3ಡಿ ಮಾಸ್ಟರ್ ಎಂಬ ಇನ್ನೊಂದು ಗೈಡ್‌ನಲ್ಲಿ 29 ಶೇಡ್‌ಗಳಿವೆ, ಅದು ಮೊದಲು ಬೆಳಕಿನ ಮಟ್ಟ ಹಿಡಿಯುವಂತೆ ಜೋಡಿಸಿದ್ದು.

ಈ ಕ್ರಮ ತುಂಬ ಮುಖ್ಯ. ನಾವು ಬಣ್ಣ ಎಂದು ಒಟ್ಟಾಗಿ ಕರೆಯುವುದರಲ್ಲಿ ಮೂರು ವಿಷಯಗಳಿವೆ: ಎಷ್ಟು ಬೆಳಕು ಅಥವಾ ಮಂಕು, ಎಷ್ಟು ಗಾಢ, ಯಾವ ಛಾಯೆ. ಎದುರಿಗೆ ಕೂತವರ ಕಣ್ಣಿಗೆ ಮೊದಲು ತಟ್ಟುವುದು ಬೆಳಕಿನ ವ್ಯತ್ಯಾಸ. ಹಳದಿ ಒಂದಿಷ್ಟು ಹೆಚ್ಚುಕಡಿಮೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಹಲ್ಲು ಮಂಕಾಗಿದ್ದರೆ ಫೋಟೊದಲ್ಲೂ ಕಾಣುತ್ತದೆ. ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿದರೆ ಈ ಬೆಳಕಿನ ಮಟ್ಟ ಚೆನ್ನಾಗಿ ತಿಳಿಯುತ್ತದೆ. ನೀವೂ ಕನ್ನಡಿ ಹಿಡಿದು ಮಾಡಿ ನೋಡಬಹುದು.

ಅಂದು ನೀವು ಗಮನಿಸಬೇಕಾದ್ದು ಇಷ್ಟು.

ಶೇಡ್ ನೋಡುವುದು ಹಲ್ಲು ಕೊರೆಯುವ ಮುಂಚೆ, ಕುರ್ಚಿಯಲ್ಲಿ ಕೂತ ಕೂಡಲೇ ಆಗಬೇಕು. ಬಾಯಿ ತೆರೆದು ಸ್ವಲ್ಪ ಹೊತ್ತು ಕೂತರೆ, ಹತ್ತಿ ಇಟ್ಟು ಗಾಳಿ ಊದಿದರೆ ಹಲ್ಲು ಒಣಗುತ್ತದೆ, ಒಣಗಿದ ಹಲ್ಲು ಬೆಳ್ಳಗೆ ಕಾಣುತ್ತದೆ. ಮತ್ತೆ ಎಂಜಲು ಹೀರಿ ನಿಜ ಬಣ್ಣಕ್ಕೆ ಬರಲು ಗಂಟೆಗಟ್ಟಲೆ ಬೇಕು, ಕೆಲವೊಮ್ಮೆ ಒಂದು ದಿನ. ಕೆಲಸವೆಲ್ಲ ಮುಗಿದ ಮೇಲೆ ‘ಅಯ್ಯೋ, ಶೇಡ್ ನೋಡೋದು ಬಿಟ್ಹೋಯ್ತು’ ಎಂದು ಆರಿಸಿದ ಶೇಡ್ ಯಾವಾಗಲೂ ಒಂದು ಪಾಲು ಬಿಳಿ. ಅಂಥ ಸಂದರ್ಭ ಬಂದರೆ ‘ಡಾಕ್ಟ್ರೇ, ನಾಳೆ ಬೆಳಿಗ್ಗೆ ಐದು ನಿಮಿಷ ಬರ್ತೀನಿ, ಆವಾಗ ನೋಡಿ’ ಎನ್ನಿ. ಬೇಸರ ಮಾಡಿಕೊಳ್ಳುವ ಡಾಕ್ಟರು ಕಡಿಮೆ.

ಲಿಪ್‌ಸ್ಟಿಕ್ ಒರೆಸಿ ಹೋಗಿ. ಕಡುಗೆಂಪು, ಕಿತ್ತಳೆ, ಗಿಳಿಹಸಿರು ಬಟ್ಟೆ ಅಂದು ಬೇಡ. ಹಾಕಿದ್ದರೆ ಬೂದು ಅಥವಾ ತಿಳಿನೀಲಿ ಬಟ್ಟೆ ಹೊದಿಸಲು ಹೇಳಿ. ಕೆಂಪನ್ನು ನೋಡಿ ದಣಿದ ಕಣ್ಣಿಗೆ ಹಲ್ಲು ಬೇರೆಯಾಗಿಯೇ ಕಾಣುತ್ತದೆ. ಅದೇ ಕಾರಣಕ್ಕೆ ಒಂದೊಂದು ಶೇಡ್ ಅನ್ನೂ ಐದಾರು ಸೆಕೆಂಡಿಗಿಂತ ಹೆಚ್ಚು ಹೊತ್ತು ದಿಟ್ಟಿಸಬಾರದು. ಮೊದಲ ನೋಟ ಏನು ಹೇಳುತ್ತದೋ ಅದು ಬಹುಮಟ್ಟಿಗೆ ಸರಿ.

ಇನ್ನು ಬೆಳಕು. ಚಿಕ್ಕಪೇಟೆಯಲ್ಲಿ ಸೀರೆಗೆ ಬ್ಲೌಸ್ ಪೀಸ್ ಹೊಂದಿಸುವಾಗ ಅಂಗಡಿಯ ದೀಪ ನಂಬದೆ ಬಾಗಿಲಿಗೆ ಬಂದು ಬಿಸಿಲಲ್ಲಿ ನೋಡುತ್ತೀರಲ್ಲ, ಇಲ್ಲೂ ಅದೇ ಮಾಡಬೇಕು. ಒಂದು ದೀಪದಲ್ಲಿ ಹೊಂದಿದ ಎರಡು ಬಣ್ಣ ಇನ್ನೊಂದರಲ್ಲಿ ಹೊಂದದೇ ಹೋಗಬಹುದು, ಏಕೆಂದರೆ ಹಲ್ಲು ಮತ್ತು ಸೆರಾಮಿಕ್ ಬೆಳಕಿನ ಬೇರೆ ಬೇರೆ ಅಲೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಿಂದಿರುಗಿಸುತ್ತವೆ. ನಮ್ಮ ಊರಿನ ಕ್ಲಿನಿಕ್‌ಗಳು ಹೆಚ್ಚಾಗಿ ಮೊದಲ ಮಹಡಿಯ ಒಂದು ಕೋಣೆ. ಗಾಜಿಗೆ ಫಿಲ್ಮ್, ಒಳಗೆ ಟ್ಯೂಬ್‌ಲೈಟ್, ತಲೆಯ ಮೇಲೆ ಹಳದಿ ದೀಪ. ಆ ದೀಪ ಆರಿಸಲು ಹೇಳಿ, ಕಿಟಕಿಯ ಬಳಿ ನಿಲ್ಲಿ. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗಿನ ಬೆಳಕು ಒಳ್ಳೆಯದು, ನೇರ ಬಿಸಿಲು ಬೇಡ. ತೆಳು ಮೋಡದ ಬೆಳಕು ಎಲ್ಲ ಕಡೆ ಸಮನಾಗಿ ಹರಡುವುದರಿಂದ ಬೆಂಗಳೂರಿನ ಮಳೆಗಾಲದ ಹಗಲು ಈ ಕೆಲಸಕ್ಕೆ ಚೆನ್ನಾಗಿಯೇ ಇರುತ್ತದೆ. ಸಂಜೆ ಆಫೀಸ್ ಮುಗಿಸಿ ಏಳು ಗಂಟೆಗೆ ಹೋಗುವವರು ಹಲ್ಲು ಕೊರೆಸಲಿ, ಅಳತೆ ಕೊಡಲಿ; ಮುಂದಿನ ಹಲ್ಲಿನ ಶೇಡ್‌ಗಾಗಿ ಮಾತ್ರ ಹಗಲಲ್ಲಿ ಒಮ್ಮೆ ಹೋಗಬೇಕು. ಹಗಲಿನ ಬೆಳಕಿಗೆ ಸಮನಾದ, 5500 ಕೆಲ್ವಿನ್ ಆಸುಪಾಸಿನ ಕೈದೀಪ ಇಟ್ಟುಕೊಂಡ ಡಾಕ್ಟರಿದ್ದಾರೆ, ಶೇಡ್ ಅಳೆಯುವ ಯಂತ್ರ ಇಟ್ಟುಕೊಂಡವರೂ ಇದ್ದಾರೆ. ಅಲ್ಲಿ ಸಂಜೆಯೂ ಆಗುತ್ತದೆ.

ಹಂತ 4: ಲ್ಯಾಬ್‌ಗೆ ಏನೇನು ಹೋಗಬೇಕು

ಒಂದು ಹಲ್ಲಿಗೆ ಒಂದೇ ಬಣ್ಣ ಇರುವುದಿಲ್ಲ. ವಸಡಿನ ಹತ್ತಿರ ಗಾಢ, ನಡುವೆ ತಿಳಿ, ತುದಿಯಲ್ಲಿ ಬೆಳಕು ಹಾಯುವಷ್ಟು ತೆಳು. ಇಪ್ಪತ್ತರ ಹುಡುಗಿಯ ಮುಂದಿನ ಹಲ್ಲಿನ ತುದಿಯಲ್ಲಿ ಒಂದು ಮಿಲಿಮೀಟರಿನಷ್ಟು ಜಾಗ ನೀಲಿ-ಬೂದಾಗಿರುತ್ತದೆ, ಅದರ ಕೆಳಗೆ ಕೂದಲೆಳೆಯಷ್ಟು ಬಿಳಿ ಅಂಚು. ಐವತ್ತರ ಹಲ್ಲಿನಲ್ಲಿ ಆ ತುದಿ ಸವೆದು ಹೋಗಿರುತ್ತದೆ, ಸಣ್ಣ ಬಿರುಕಿನ ಗೆರೆಗಳಲ್ಲಿ ಕಾಫಿ ಬಣ್ಣ ಇಳಿದಿರುತ್ತದೆ. ನಾವು ಪುಡಿಯನ್ನು ದ್ರವದಲ್ಲಿ ಕಲಸಿ, ಕುಂಚದ ತುದಿಯಿಂದ ಒಳಪದರ, ಮೇಲ್ಪದರ, ತುದಿಯ ಪಾರದರ್ಶಕ ಪದರ ಎಂದು ಒಂದರ ಮೇಲೊಂದು ಕೂರಿಸಿ ಒಲೆಗೆ ಇಡುತ್ತೇವೆ. ನೀಲಿ ಎಲ್ಲಿ ಶುರುವಾಗಬೇಕು, ಗೆರೆ ಇದೆಯೋ ಇಲ್ಲವೋ ಎಂಬುದು ‘ಎ2’ ಎಂಬ ಎರಡಕ್ಷರದಲ್ಲಿ ಇಲ್ಲ.

ಆದ್ದರಿಂದ ಫೋಟೊ ಬೇಕೇ ಬೇಕು. ಡಾಕ್ಟರು ತೆಗೆಯದಿದ್ದರೆ ನೀವೇ ಕೇಳಿ, ಫೋನ್ ಸಾಕು. ಆರಿಸಿದ ಶೇಡ್ ತುಂಡನ್ನು ನಿಮ್ಮ ಹಲ್ಲಿನ ತುದಿಗೆ ತುದಿ ತಾಗಿಸಿ, ಹಲ್ಲಿನ ಮಟ್ಟದಲ್ಲೇ ಹಿಡಿಯಬೇಕು. ಮುಂದಕ್ಕೆ ಚಾಚಿದರೆ ಬೆಳ್ಳಗೆ, ಹಿಂದಕ್ಕೆ ಹೋದರೆ ಕಪ್ಪಗೆ ಬೀಳುತ್ತದೆ. ತುಂಡಿನ ಮೇಲಿನ ಅಕ್ಷರ ಫೋಟೊದಲ್ಲಿ ಓದಲು ಬರಬೇಕು. ಅದಕ್ಕಿಂತ ಒಂದು ಶೇಡ್ ತಿಳಿ, ಒಂದು ಶೇಡ್ ಗಾಢ ಇರುವ ತುಂಡುಗಳನ್ನೂ ಪಕ್ಕದಲ್ಲಿ ಹಿಡಿದು ಇನ್ನೊಂದು ಫೋಟೊ ತೆಗೆದರೆ ನಮಗೆ ದೊಡ್ಡ ಉಪಕಾರ: ಫೋನ್ ಬಣ್ಣ ತಪ್ಪಾಗಿ ತೋರಿಸಿದರೂ ತುಂಡಿಗೂ ಹಲ್ಲಿಗೂ ಇರುವ ಅಂತರ ನಿಜವಾಗಿ ತಿಳಿಯುತ್ತದೆ. ಫ್ಲ್ಯಾಶ್ ಬೇಡ, ಬ್ಯೂಟಿ ಫಿಲ್ಟರ್ ತೆಗೆದುಹಾಕಿ. ನಗುವ ಮುಖದ್ದೂ ಒಂದಿರಲಿ.

ಇನ್ನೊಂದು ಫೋಟೊ ಹಲ್ಲು ಕೊರೆದ ಮೇಲೆ. ಒಳಗೆ ಉಳಿದ ಹಲ್ಲಿನ ಬಣ್ಣವೂ ನಮಗೆ ಗೊತ್ತಾಗಬೇಕು. ಬಹಳ ವರ್ಷದ ಹಿಂದೆ ರೂಟ್ ಕೆನಾಲ್ ಆದ ಹಲ್ಲು ಒಳಗೇ ಬೂದು-ಕಂದಾಗಿರುತ್ತದೆ, ಕೆಲವದರಲ್ಲಿ ಲೋಹದ ಪೋಸ್ಟ್, ಅಂದರೆ ಆಧಾರಕ್ಕೆ ಬೇರಿನೊಳಗೆ ಕೂರಿಸಿದ ಕಡ್ಡಿ, ಇರುತ್ತದೆ. ಅದರ ಮೇಲೆ ತೆಳುವಾದ, ಪಾರದರ್ಶಕ ಕ್ಯಾಪ್ ಕೂರಿಸಿದರೆ ಕಪ್ಪು ಕೆಳಗಿನಿಂದ ಇಣುಕುತ್ತದೆ. ಮೊದಲೇ ಗೊತ್ತಿದ್ದರೆ ಮುಚ್ಚುವ ಗುಣವಿರುವ ವಸ್ತು ಆರಿಸುತ್ತೇವೆ.

ಪಾವಗಡ, ಬಾಗೇಪಲ್ಲಿ ಕಡೆ ಬಾಲ್ಯ ಕಳೆದು ಬೆಂಗಳೂರಿಗೆ ಬಂದವರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದವರ ಹಲ್ಲಿನ ಮೇಲೆ ಸುಣ್ಣದ ಬಿಳಿ ಮಚ್ಚೆ, ಕಂದು ಪಟ್ಟಿ ಉಳಿದುಬಿಡುತ್ತದೆ. ಇಂಥ ಬಾಯಿಗೆ ನುಣ್ಣನೆಯ ಎ2 ಕ್ಯಾಪ್ ಹಾಕಿದರೆ ಅದೊಂದೇ ಪರಕೀಯವಾಗಿ ಕಾಣುತ್ತದೆ. ಮಚ್ಚೆಯನ್ನೂ ಪಟ್ಟಿಯನ್ನೂ ಕ್ಯಾಪ್‌ನಲ್ಲಿ ಮೂಡಿಸಬಹುದು, ಅದಕ್ಕೆಂದೇ ಬಣ್ಣಗಳಿವೆ. ಅಥವಾ ಉಳಿದ ಹಲ್ಲುಗಳ ಕಂದು ಕಲೆಗೆ ಮೊದಲು ಚಿಕಿತ್ಸೆ ಮಾಡಿಸಿ, ನಂತರ ಕ್ಯಾಪ್ ಹೊಂದಿಸಬಹುದು. ಎರಡರಲ್ಲಿ ಯಾವುದು ಬೇಕೆಂದು ನೀವು ತೀರ್ಮಾನಿಸಿ ಹೇಳಬೇಕು. ಹುಟ್ಟಿದೂರಿನ ನೀರು ಕೊಟ್ಟ ಗುರುತಿಗೆ ನಾಚಿಕೊಳ್ಳಬೇಕಾದ್ದೇನಿಲ್ಲ. ಹೊಂದಿದ ಹಲ್ಲು ಬಿಳಿ ಹಲ್ಲಿಗಿಂತ ಚೆಂದ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡು ಶೇಡ್‌ಗಳ ನಡುವೆ ಅನುಮಾನ ಉಳಿದರೆ ತಿಳಿಯಾದದ್ದನ್ನು ಆರಿಸಿ. ತಿಳಿಯಾದದ್ದನ್ನು ಮೇಲಿನಿಂದ ಬಣ್ಣ ಕೊಟ್ಟು ಗಾಢ ಮಾಡಲು ಬರುತ್ತದೆ. ಗಾಢವಾದದ್ದನ್ನು ತಿಳಿ ಮಾಡಹೊರಟರೆ ಮಂಕಾಗುತ್ತದೆ, ಕೊನೆಗೆ ಹೊಸದೇ ಮಾಡಬೇಕಾಗುತ್ತದೆ.

ಹಂತ 5: ತಾತ್ಕಾಲಿಕ ಕ್ಯಾಪ್ ಇರುವ ದಿನಗಳು

ಲ್ಯಾಬ್ ಕೆಲಸ ಮುಗಿಯುವವರೆಗೆ ಡಾಕ್ಟರು ಪ್ಲಾಸ್ಟಿಕ್‌ನಂಥ ತಾತ್ಕಾಲಿಕ ಕ್ಯಾಪ್ ಕೂರಿಸುತ್ತಾರೆ. ಬೇಕೆಂದಾಗ ತೆಗೆಯಲು ಬರುವಂಥ ಸಿಮೆಂಟ್ ಅದು, ಕೆಲವದಕ್ಕೆ ಲವಂಗದ ಎಣ್ಣೆಯ ವಾಸನೆ ಇರುತ್ತದೆ. ಆ ಕಡೆ ಅಗಿಯಬೇಡಿ, ಅಂಟುವ ಸಿಹಿ ಮುಟ್ಟಬೇಡಿ. ಫ್ಲಾಸ್ (ಹಲ್ಲಿನ ಸಂದಿ ಶುಚಿ ಮಾಡುವ ದಾರ) ಮಾಡಿದರೆ ದಾರವನ್ನು ಮೇಲಕ್ಕೆಳೆಯದೆ ಪಕ್ಕದಿಂದ ಜಾರಿಸಿ ತೆಗೆಯಿರಿ. ಬಿದ್ದುಹೋದರೆ ‘ಹೇಗೂ ವಾರದಲ್ಲಿ ಹೊಸದು ಬರುತ್ತಲ್ಲ’ ಎಂದು ಸುಮ್ಮನಿರಬೇಡಿ. ಅಕ್ಕಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತವೆ, ಎದುರು ಹಲ್ಲು ಇಳಿಯುತ್ತದೆ, ನಾವು ಮಾಡಿದ ಕ್ಯಾಪ್ ಕೂರುವುದೇ ಇಲ್ಲ.

ಹಂತ 6: ಟ್ರಯಲ್

ಅಂಟಿಸುವ ಮುಂಚೆ ಡಾಕ್ಟರು ಕ್ಯಾಪ್ ಅನ್ನು ಹಲ್ಲಿನ ಮೇಲೆ ಕೂರಿಸಿ ತೋರಿಸುತ್ತಾರೆ, ಇದು ನಿಮ್ಮ ಕೊನೆಯ ಅವಕಾಶ. ಸಿಮೆಂಟ್ ಹಾಕಿದ ಮೇಲೆ ಬಣ್ಣ ಬದಲಿಸುವುದಾದರೆ ಕ್ಯಾಪ್ ಕತ್ತರಿಸಿಯೇ ತೆಗೆಯಬೇಕು. ‘ಹಾಕಿಬಿಡ್ಲಾ?’ ಎಂದು ಕೇಳಿದಾಗ ‘ಒಂದು ನಿಮಿಷ ಡಾಕ್ಟ್ರೇ, ಕಿಟಕಿ ಹತ್ರ ನೋಡ್ಕೊಂಡು ಬರ್ತೀನಿ’ ಎನ್ನಿ.

ಕನ್ನಡಿಯನ್ನು ಮೂಗಿಗೆ ಹಿಡಿದು ನೋಡಬೇಡಿ. ಎದುರಿಗೆ ಕೂತು ಮಾತಾಡುವವರಷ್ಟು ದೂರದಿಂದ ನೋಡಿ. ಎದ್ದು ನಿಂತು, ತುಟಿ ಸಡಿಲ ಬಿಟ್ಟು, ನಕ್ಕು, ಮಾತಾಡಿ ನೋಡಿ. ಜೊತೆಗೆ ಬಂದವರನ್ನು ‘ಯಾವ ಹಲ್ಲು ಹೊಸದು ಹೇಳು’ ಎಂದು ಕೇಳಿ. ಬಣ್ಣದ ಜೊತೆ ಆಕಾರ ನೋಡಿ: ಉದ್ದ, ಮೂಲೆಯ ತಿರುವು, ಮೇಲ್ಮೈಯ ಸಣ್ಣ ಏರಿಳಿತ. ಅತಿ ನುಣ್ಣಗಿದ್ದರೆ ಬೆಳಕು ಒಂದೇ ಕಡೆ ಹೊಡೆದು ಹಲ್ಲು ಅಗಲವಾಗಿಯೂ ಬೆಳ್ಳಗೂ ಕಾಣುತ್ತದೆ. ಆಕಾರ ಸರಿಯಾದ ಕ್ಯಾಪ್‌ನಲ್ಲಿ ಅರ್ಧ ಶೇಡ್ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಬಣ್ಣ ಸರಿಯಿದ್ದು ಆಕಾರ ತಪ್ಪಿದರೆ ಎಲ್ಲರಿಗೂ ಕಾಣುತ್ತದೆ. ಪಾರದರ್ಶಕ ಕ್ಯಾಪ್ ಆದರೆ ಸಿಮೆಂಟ್‌ನ ಬಣ್ಣವೂ ಲೆಕ್ಕಕ್ಕೆ ಬರುವುದರಿಂದ, ಅದೇ ಬಣ್ಣದ ಟ್ರಯಲ್ ಪೇಸ್ಟ್ ಹಾಕಿ ತೋರಿಸಲು ಕೇಳಬಹುದು.

ನಂತರ ಬಿಗಿ. ಕ್ಯಾಪ್‌ಗೂ ಪಕ್ಕದ ಹಲ್ಲಿಗೂ ನಡುವೆ ಫ್ಲಾಸ್ ಸ್ವಲ್ಪ ತಡೆದು ‘ಟಕ್’ ಎಂದು ಇಳಿಯಬೇಕು. ಸಲೀಸಾಗಿ ಇಳಿದರೆ ಊಟ ಸಿಕ್ಕಿಕೊಳ್ಳುವ ಸಂದಿ ಇದೆ ಎಂದರ್ಥ. ದಾರ ಹರಿದರೆ ಅಂಚು ಒರಟು. ಬಣ್ಣದ ಕಾಗದ ಕಚ್ಚಿಸಿ ಎತ್ತರ ನೋಡುತ್ತಾರೆ, ಎತ್ತರವಿದ್ದರೆ ಉಜ್ಜುತ್ತಾರೆ. ಉಜ್ಜಿದ ಜಾಗವನ್ನು ಮತ್ತೆ ಪಾಲಿಷ್ ಮಾಡಿದರೇ ಎಂದು ನೆನಪಿಟ್ಟು ಕೇಳಿ. ಒರಟಾಗಿ ಉಳಿದ ಜಿರ್ಕೋನಿಯಾ ಎದುರಿನ ನಿಮ್ಮ ಸ್ವಂತ ಹಲ್ಲನ್ನು ತೇಯುತ್ತದೆ. ಪಾಲಿಷ್ ಆದದ್ದು ಹಾಗೆ ಮಾಡುವುದಿಲ್ಲ.

ಹಂತ 7: ಅಂಟಿಸಿದ ದಿನ ಮತ್ತು ಮೊದಲ ವಾರ

ಮರಗಟ್ಟಿದ್ದು ಹೋಗುವವರೆಗೆ ಏನೂ ತಿನ್ನಬೇಡಿ, ಕೆನ್ನೆ, ನಾಲಗೆ ಕಚ್ಚಿಕೊಳ್ಳುವಿರಿ. ಬಿಸಿ ಕಾಫಿಯೂ ಬೇಡ. ಮೊದಲ 24 ಗಂಟೆ ಮೆತ್ತಗಿನ ಊಟ, ಇನ್ನೊಂದು ಕಡೆ ಅಗಿಯುವುದು. ಇಡ್ಲಿ, ಮೊಸರನ್ನ, ಉಪ್ಪಿಟ್ಟು ಸಾಕು. ಕೆಲವು ಸಿಮೆಂಟ್ ದೀಪದಲ್ಲಿ ಕೂಡಲೇ ಗಟ್ಟಿಯಾಗುತ್ತವೆ. ಗ್ಲಾಸ್ ಅಯನೋಮರ್ ಬಗೆಯವು ಪೂರ್ತಿ ಬಲಿಯಲು ಒಂದು ದಿನ ತೆಗೆದುಕೊಳ್ಳುತ್ತವೆ.

ಅಂದು ರಾತ್ರಿಯೇ ಮೆಲ್ಲಗೆ ಬ್ರಷ್ ಮಾಡಿ. ವಸಡು ನೋಯುತ್ತದೆಂದು ಬಿಟ್ಟರೆ ಊತ ಹೆಚ್ಚುತ್ತದೆ. ನಾಲಗೆ ಸವರಿದಾಗ ಅಂಚಿನಲ್ಲಿ ಮರಳಿನಂಥದ್ದು ತಗುಲಿದರೆ ಅದು ಉಳಿದ ಸಿಮೆಂಟ್. ನೀವೇ ಪಿನ್‌ನಿಂದ ಕೆದಕದೆ ಕ್ಲಿನಿಕ್‌ಗೆ ಹೋಗಿ ತೆಗೆಸಿಕೊಳ್ಳಿ, ಇಲ್ಲದಿದ್ದರೆ ವಸಡು ಕೆಂಪಾಗಿಯೇ ಇರುತ್ತದೆ.

ರೂಟ್ ಕೆನಾಲ್ ಆಗದ ಹಲ್ಲಿಗೆ ಕ್ಯಾಪ್ ಹಾಕಿದ್ದರೆ ತಣ್ಣಗಿನದಕ್ಕೆ ಕೆಲವು ದಿನ ಜುಮ್ ಅನ್ನುವುದು ಸಹಜ, ದಿನೇದಿನೇ ಕಡಿಮೆಯಾಗುತ್ತಾ ಹೋಗಬೇಕು. ಆದರೆ ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗಿದರೆ, ಅಗಿದರೆ ನೋವಾದರೆ, ‘ಅಭ್ಯಾಸ ಆಗುತ್ತೆ’ ಎಂಬ ಮಾತಿಗೆ ಕಿವಿಗೊಡಬೇಡಿ. ಎತ್ತರವಿರುವ ಕ್ಯಾಪ್ ಬೇರಿನ ಸುತ್ತ ನೋವು ತರುತ್ತದೆ, ಸೆರಾಮಿಕ್ ಚೂರು ಹಾರುತ್ತದೆ. ಐದು ನಿಮಿಷದಲ್ಲಿ ಸರಿಪಡಿಸಬಹುದಾದ್ದು. ರಾತ್ರಿ ತಾನಾಗಿ ಮಿಡಿಯುವ ನೋವು, ಊತ, ಕೀವು ಕಂಡರೆ ಅಂದೇ ಹೋಗಿ. ಜ್ವರ ಬಂದು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕ್ಲಿನಿಕ್‌ಗೆ ಕಾಯದೆ ದೊಡ್ಡ ಆಸ್ಪತ್ರೆಗೆ.

ಹಂತ 8: ಅಂಚನ್ನು ಕಾಯುವುದು

ಕ್ಯಾಪ್‌ಗೆ ಹುಳುಕು ಹತ್ತುವುದಿಲ್ಲ. ಕ್ಯಾಪ್ ಮುಗಿದು ನಿಮ್ಮ ಹಲ್ಲು ಶುರುವಾಗುವ ಗೆರೆ, ವಸಡಿನ ಹತ್ತಿರ, ಅಲ್ಲಿ ಹತ್ತುತ್ತದೆ. ಅಲ್ಲಿ ಹಲ್ಲಿನ ಮೇಲಿನ ಗಟ್ಟಿ ಎನಾಮಲ್ ಇರುವುದಿಲ್ಲ ಅಥವಾ ತೆಳುವಾಗಿರುತ್ತದೆ, ಒಳಗಿನ ಮೆದು ಭಾಗ ಆಮ್ಲಕ್ಕೆ ಬೇಗ ಕರಗುತ್ತದೆ. ರೂಟ್ ಕೆನಾಲ್ ಆದ ಹಲ್ಲಿಗೆ ಇನ್ನೊಂದು ಅಪಾಯವಿದೆ: ನರ ಇಲ್ಲದ್ದರಿಂದ ಹುಳುಕು ಒಳಗೆ ಎಷ್ಟು ಹೋದರೂ ನೋವಾಗುವುದಿಲ್ಲ. ನೋವಿಲ್ಲ ಎಂದರೆ ಚೆನ್ನಾಗಿದೆ ಎಂದು ತಿಳಿಯಬೇಡಿ.

ಮೆತ್ತಗಿನ ಬ್ರಷ್, ದಿನಕ್ಕೆರಡು ಸಲ, ಎರಡೆರಡು ನಿಮಿಷ. ಬ್ರಷ್ಷನ್ನು ವಸಡಿನ ಕಡೆಗೆ 45 ಡಿಗ್ರಿ ವಾಲಿಸಿ, ಎಳೆಗಳ ಅರ್ಧ ವಸಡಿನ ಮೇಲೆ, ಅರ್ಧ ಕ್ಯಾಪ್ ಮೇಲೆ ಕೂರುವಂತೆ ಇಟ್ಟು ಸಣ್ಣದಾಗಿ ಅಲುಗಿಸಿ. ಅಡ್ಡಡ್ಡ ಗರಗಸದಂತೆ ಉಜ್ಜಿದರೆ ವಸಡು ಸರಿದು ಅಂಚು ಹೊರಬೀಳುತ್ತದೆ. ಪೇಸ್ಟ್‌ನಲ್ಲಿ ಫ್ಲೋರೈಡ್ ಇರಲಿ, ಎಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಎಂದು ಡಬ್ಬದ ಮೇಲೆ ಬರೆದಿರುತ್ತದೆ, ಸಾಮಾನ್ಯವಾಗಿ 1000ದ ಆಸುಪಾಸು. ಉಗುಳಿದ ಮೇಲೆ ನೀರು ಹಾಕಿ ಗಳಗಳ ಮುಕ್ಕಳಿಸಬೇಡಿ, ಫ್ಲೋರೈಡ್ ಸ್ವಲ್ಪ ಹೊತ್ತು ಅಂಚಿನಲ್ಲಿ ಉಳಿಯಲಿ. ಇದ್ದಿಲು ಪೇಸ್ಟ್, ಒರಟು ಹಲ್ಲುಪುಡಿ, ಉಪ್ಪು ಬೇಡ. ಅವು ಸೆರಾಮಿಕ್‌ನ ಹೊಳಪನ್ನೂ ಅಂಚಿನ ಸಿಮೆಂಟನ್ನೂ ಒರಟು ಮಾಡುತ್ತವೆ. ಹೊಳಪು ಹೋದ ಜಾಗದಲ್ಲಿ ಕಾಫಿ ಕಲೆ ಬೇಗ ಕೂರುತ್ತದೆ.

ರಾತ್ರಿ ಒಮ್ಮೆ ಫ್ಲಾಸ್. ದಾರವನ್ನು ಕ್ಯಾಪ್‌ಗೆ ಇಂಗ್ಲಿಷಿನ ಸಿ ಅಕ್ಷರದಂತೆ ಬಳಸಿ, ವಸಡಿನ ಕೆಳಗೆ ಸ್ವಲ್ಪ ಇಳಿಸಿ, ಮೇಲೆ ಕೆಳಗೆ ಎರಡು ಮೂರು ಸಲ. ಗಟ್ಟಿಯಾಗಿ ಅಂಟಿದ ಕ್ಯಾಪ್ ಫ್ಲಾಸ್‌ಗೆ ಕಿತ್ತುಬರುವುದಿಲ್ಲ, ಹೆದರಬೇಡಿ. ಬಂದರೆ ಅದು ಮೊದಲೇ ಸಡಿಲವಾಗಿತ್ತು, ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು. ಸಂದಿ ದೊಡ್ಡದಿದ್ದರೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸಂದಿ ಬ್ರಷ್ ಇನ್ನೂ ಚೆನ್ನ. ಎರಡು ಮೂರು ಹಲ್ಲು ಸೇರಿಸಿದ ಬ್ರಿಡ್ಜ್ ಆದರೆ ಗಟ್ಟಿ ತುದಿಯ ಸೂಪರ್‌ಫ್ಲಾಸ್ ತೂರಿಸಿ ಕೆಳಗಿನಿಂದ ಎಳೆಯಬೇಕು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಅನ್ನು ಡಾಕ್ಟರು ಹೇಳಿದಷ್ಟು ದಿನ ಮಾತ್ರ ಬಳಸಿ; ತಿಂಗಳುಗಟ್ಟಲೆ ಹಾಕಿದರೆ ಹಲ್ಲಿನ ಮೇಲೂ ಅಂಚಿನಲ್ಲೂ ಕಂದು ಕಲೆ ಕೂರುತ್ತದೆ.

ಹಂತ 9: ತಿಂಡಿ, ನಿದ್ದೆ, ತಪಾಸಣೆ

ದವಡೆಯ ಜಿರ್ಕೋನಿಯಾ ಕ್ಯಾಪ್‌ನಲ್ಲಿ ಚಕ್ಕುಲಿ, ನಿಪ್ಪಟ್ಟು ಧಾರಾಳವಾಗಿ ತಿನ್ನಬಹುದು. ಕಬ್ಬನ್ನು ಮುಂದಿನ ಕ್ಯಾಪ್‌ನಿಂದ ಸಿಗಿಯುವುದು, ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ಕಟಕ್ ಎಂದು ಕಡಿಯುವುದು, ಮಟನ್ ಮೂಳೆ ಒಡೆಯುವುದು, ಬಸವನಗುಡಿ ಪರಿಷೆಯ ಕಡಲೆಕಾಯಿಯನ್ನು ಹಲ್ಲಲ್ಲೇ ಬಿಡಿಸುವುದು ಬೇಡ. ಸೆರಾಮಿಕ್ ಪದರ ಅಗಿಯುವ ಒತ್ತಡವನ್ನು ತಡೆದುಕೊಳ್ಳುತ್ತದೆ, ತುದಿಗೆ ಬೀಳುವ ತಿರುಚನ್ನು ತಡೆದುಕೊಳ್ಳುವುದಿಲ್ಲ. ಕಡಲೆ ಚಿಕ್ಕಿ, ಟಾಫಿ ಹಲ್ಲಿಗೆ ಅಂಟಿ ಎಳೆಯುತ್ತವೆ, ಅದಕ್ಕಿಂತ ಹೆಚ್ಚಾಗಿ ಸಕ್ಕರೆಯನ್ನು ಅಂಚಿನಲ್ಲಿ ಹೊತ್ತುಗಟ್ಟಲೆ ಹಿಡಿದಿಡುತ್ತವೆ. ದಿನಕ್ಕೆ ಏಳೆಂಟು ಸಲ ಸ್ವಲ್ಪಸ್ವಲ್ಪವೇ ಸಕ್ಕರೆ ಕಾಫಿ ಕುಡಿಯುವುದು ಊಟದ ಜೊತೆ ಒಂದು ಹೋಳಿಗೆ ತಿನ್ನುವುದಕ್ಕಿಂತ ಅಂಚಿಗೆ ಹೆಚ್ಚು ಕೆಟ್ಟದ್ದು, ಏಕೆಂದರೆ ಪ್ರತಿ ಸಲವೂ ಬಾಯಿ ಹೊಸದಾಗಿ ಹುಳಿಯಾಗುತ್ತದೆ. ಕುಡಿದ ಮೇಲೆ ಒಂದು ಗುಟುಕು ನೀರು ರೂಢಿ ಮಾಡಿಕೊಳ್ಳಿ.

ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದೆಯೇ ಎಂದು ಮನೆಯವರನ್ನು ಕೇಳಿ. ಬೆಳಿಗ್ಗೆ ಎದ್ದಾಗ ದವಡೆ ಬಿಗಿದಂತಿದ್ದರೂ ಅನುಮಾನಪಡಬೇಕು. ಅಂಥವರು ಅಳತೆಗೆ ತಕ್ಕ ನೈಟ್ ಗಾರ್ಡ್ (ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ) ಮಾಡಿಸಿಕೊಳ್ಳುವುದು ಕ್ಯಾಪ್‌ನಷ್ಟೇ ಅಗತ್ಯ.

ಆರು ತಿಂಗಳಿಗೊಮ್ಮೆ ತೋರಿಸಿ. ‘ಇಲ್ಲಿ ಸೆರಾಮಿಕ್ ಕ್ಯಾಪ್ ಇದೆ’ ಎಂದು ಮೊದಲೇ ಹೇಳಿ. ಫ್ಲೋರೈಡ್ ಹಚ್ಚುವುದಾದರೆ ಆಮ್ಲೀಯ ಜೆಲ್ ಬದಲು ನ್ಯೂಟ್ರಲ್ ಬಗೆಯದನ್ನು ಕೇಳಿ, ಆಮ್ಲೀಯವಾದದ್ದು ಸೆರಾಮಿಕ್‌ನ ಹೊಳಪು ತಿನ್ನುತ್ತದೆ. ರೂಟ್ ಕೆನಾಲ್ ಆದ ಹಲ್ಲಿಗೆ ಡಾಕ್ಟರು ಹೇಳಿದ ಅಂತರದಲ್ಲಿ ಎಕ್ಸ್‌ರೇ ಬೇಕು. ಹೀಗೆ ನೋಡಿಕೊಂಡ ಕ್ಯಾಪ್ 10–15 ವರ್ಷ ಬಾಳುತ್ತದೆ, ಅದಕ್ಕೂ ಹೆಚ್ಚು ಬಾಳಿದವೂ ಎಷ್ಟೋ ಇವೆ. ಜಿರ್ಕೋನಿಯಾದ ಜೊತೆ ಕೊಡುವ ವಾರಂಟಿ ಕಾರ್ಡನ್ನು ಓದಿ ನೋಡಿ: ಸಾಮಾನ್ಯವಾಗಿ ಅದು ಕ್ಯಾಪ್ ಒಡೆದರೆ ಮಾತ್ರ, ಒಳಗಿನ ಹಲ್ಲು ಹುಳುಕಾದರೆ ಅಲ್ಲ. ಕಾರ್ಡ್, ಹಲ್ಲಿನ ಸಂಖ್ಯೆ, ಶೇಡ್, ವಸ್ತುವಿನ ಹೆಸರು, ಶೇಡ್ ಫೋಟೊ ಎಲ್ಲವೂ ಫೋನಿನಲ್ಲಿ ಒಂದೇ ಕಡೆ ಇರಲಿ. ಮುಂದೆ ಪಕ್ಕದ ಹಲ್ಲಿಗೂ ಕ್ಯಾಪ್ ಬೇಕಾದರೆ ಬೇರೆ ಊರಿನ ಲ್ಯಾಬ್ ಕೂಡ ಅದನ್ನು ನೋಡಿ ಹೊಂದಿಸಬಲ್ಲದು.

ಕ್ಯಾಪ್ ಕಳಚಿ ಕೈಗೆ ಬಂದರೆ

ತೊಳೆಯುವಾಗ ಸಿಂಕಿನ ತೂತಿಗೆ ಬಟ್ಟೆ ಮುಚ್ಚಿ. ಒಳಗೆ ನೋಡಿ: ಖಾಲಿಯಿದ್ದು ಸಿಮೆಂಟ್ ಮಾತ್ರ ಕಂಡರೆ ಮತ್ತೆ ಅಂಟಿಸುವ ಸಾಧ್ಯತೆ ಚೆನ್ನಾಗಿದೆ. ಹಲ್ಲಿನ ತುಂಡೇ ಒಳಗೆ ಕೂತಿದ್ದರೆ ಮತ್ತೆ ಬಾಯಿಗೆ ಹಾಕಬೇಡಿ, ಹಾಗೆಯೇ ಡಬ್ಬಿಯಲ್ಲಿಟ್ಟು ಒಯ್ಯಿರಿ. ಫೆವಿಕ್ವಿಕ್‌ನಂಥ ಅಂಟು ಎಂದೂ ಬೇಡ. ವಸಡು ಸುಡುತ್ತದೆ, ಒಳಭಾಗ ಹಾಳಾಗಿ ಡಾಕ್ಟರಿಗೂ ಮತ್ತೆ ಕೂರಿಸಲು ಆಗುವುದಿಲ್ಲ. ಭಾನುವಾರವೋ ಪ್ರಯಾಣವೋ ಆಗಿ ಕ್ಲಿನಿಕ್ ಸಿಗದಿದ್ದರೆ, ಹಲ್ಲಿನ ಸೆಟ್‌ಗೆ ಹಾಕುವ ಅಂಟನ್ನು ಚೂರು ಒಳಗೆ ಸವರಿ, ದಿಕ್ಕು ಸರಿಯಾಗಿ ನೋಡಿಕೊಂಡು ಹಗಲಿಗೆ ಕೂರಿಸಿಕೊಳ್ಳಬಹುದು. ಮಲಗುವಾಗ ಮಾತ್ರ ತೆಗೆದಿಡಿ, ನಿದ್ದೆಯಲ್ಲಿ ಅದು ಶ್ವಾಸನಾಳಕ್ಕೆ ಇಳಿಯಬಾರದು. ನುಂಗಿಬಿಟ್ಟರೆ ಸಾಮಾನ್ಯವಾಗಿ ತಾನಾಗಿ ಹೊರಹೋಗುತ್ತದೆ. ಕೆಮ್ಮು ನಿಲ್ಲದಿದ್ದರೆ, ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ. ಉಳಿದಂತೆ ಎರಡು ಮೂರು ದಿನದೊಳಗೆ ಡಾಕ್ಟರಿಗೆ ತೋರಿಸಿ. ಅಂಟಿಸುವ ಮುಂಚೆ ಒಳಗಿನ ಹಲ್ಲಿನಲ್ಲಿ ಹುಳುಕಿದೆಯೇ ಎಂದು ನೋಡಿಸಿ, ಇದ್ದರೆ ಮೊದಲು ಅದನ್ನು ತೆಗೆಸಿ, ಆಮೇಲೆ ಕ್ಯಾಪ್.